ಸೊಟ್ಟಗಾದ ಗೆರೆ

ಬುಟ್ಟಿಯಲ್ಲಿ ಇಪ್ಪತ್ತು ಏಲಕ್ಕಿ ಬನ್ನುಗಳಿದ್ದವು. ಪಿಲ್ವಿ ಹಕ್ಕರಾಯ್ನೆನ್ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದಿ, ಮೇಲೆ ಸಕ್ಕರೆಯ ಹರಳು ಉದುರಿಸಿ, ಬಿಸಿ ಆರದಿರಲೆಂದು ಮಗಳು ವನಮೋಳ ಹೊದಿಕೆಯಲ್ಲಿ ಸುತ್ತಿ ಐಸ್ ಸ್ಕೇಟಿಂಗ್ ಹಾಲಿಗೆ ತಂದಿದ್ದಳು. ರೀತೆ ಎಂಬ ಈ ಹೆಂಗಸರ ಸ್ಕೇಟಿಂಗ್ ತಂಡದಲ್ಲಿ ಭಾನುವಾರದ ಅಭ್ಯಾಸ ಮುಗಿದ ಮೇಲೆ ಒಬ್ಬೊಬ್ಬಳ ಸರದಿಯಲ್ಲಿ ಕಾಫಿ. ಇವತ್ತು ಅವಳ ಸರದಿ. ಬಟ್ಟೆ ಬದಲಿಸುವ ಕೋಣೆಯ ಬೆಂಚುಗಳ ಮೇಲೆ ಹದಿನೈದು ಹೆಂಗಸರು ಕಾಫಿ ಹೀರುತ್ತ ಕೂತಿದ್ದರು. ಬುಟ್ಟಿ ಒಂದು ಸುತ್ತು ಹೋಯಿತು. ಹೋದಷ್ಟೇ ಭಾರವಾಗಿ ಅವಳ ಮಡಿಲಿಗೆ ವಾಪಸು ಬಂತು.

"ಹೊಟ್ಟೆ ಸರಿಯಿಲ್ಲ," ಎಂದಳು ಒಬ್ಬಳು.

"ನಾನು ಸಿಹಿ ಬಿಟ್ಟಿದ್ದೀನಿ," ಎಂದಳು ಇನ್ನೊಬ್ಬಳು. ಹೋದ ವಾರ ಅವಳೇ ನಾಲ್ಕು ತಿಂದಿದ್ದಳು.

ತೆರ್ಹಿ ಮಾತ್ರ ನೆಪ ಹೇಳಲಿಲ್ಲ. ತನ್ನ ಚೀಲದಿಂದ ಒಣ ರೈ ರೊಟ್ಟಿ ತೆಗೆದು ಕರಕರ ಅಗಿಯುತ್ತ, "ಕೈ ಮುರಿದೋಳ ಜಾಗದಲ್ಲಿ ಕೂತ್ಕೊಂಡು ಬನ್ ಹಂಚ್ತಾಳೆ, ನೋಡ್ರೇ," ಎಂದು ಗೋಡೆಗೆ ಹೇಳುವಂತೆ ಹೇಳಿದಳು.

ಪಿಲ್ವಿ ಬುಟ್ಟಿಗೆ ಹೊದಿಕೆ ಮುಚ್ಚಿದಳು. ನಮ್ಮ ಕಡೆ ಒಬ್ಬಳ ಕಾಫಿ ಕುಡಿದು ಅವಳ ಬನ್ನು ಬಿಡುವುದೆಂದರೆ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದ ಹಾಗೆ. ಆದರೆ ತೆರ್ಹಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬನ್ನುಗಳಿಗಿಂತ ಅದು ಹೆಚ್ಚು ಭಾರವಾಗಿತ್ತು.

ಇದೆಲ್ಲ ಶುರುವಾದದ್ದು ಬೇಸಿಗೆಯಲ್ಲಿ. ಚಳಿಗಾಲದ ಬಟ್ಟೆಗಳನ್ನು ಬಿಸಿಲಿಗೆ ಹಾಕಲು ಅಟ್ಟ ಹತ್ತಿದಾಗ ಪಿಲ್ವಿಗೆ ತನ್ನ ಹಳೆಯ ಸ್ಕೇಟುಗಳು ಸಿಕ್ಕವು. ಹದಿನಾರರ ತನಕ ಅವಳು ಒಂಟಿಯಾಗಿ ಸ್ಕೇಟ್ ಮಾಡುತ್ತಿದ್ದವಳು, ಜಿಲ್ಲೆಯ ಸ್ಪರ್ಧೆಗಳಿಗೂ ಹೋಗಿ ಬಂದವಳು. ಕಾಲು ತೂರಿಸಿ ನೋಡಿದಳು. ಹೆರಿಗೆಯಾದ ಮೇಲೆ ಪಾದ ಅರ್ಧ ಅಳತೆ ಹಿಗ್ಗಿತ್ತು, ಹೋಗಲಿಲ್ಲ. ಆದರೂ ಗಂಡ ಇಲ್ಮೊ ಕಾಗದದ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಹೇಳಿಯೇಬಿಟ್ಟಳು.

"ರೀತೆ ಟೀಮಿಗೆ ಜನ ಬೇಕಂತೆ. ದೊಡ್ಡ ಹೆಂಗಸರ ಟೀಮು. ಹೋಗ್ಲಾ?"

"ಹದಿನಾರು ಜನ ಒಬ್ಬರ ಭುಜ ಒಬ್ಬರು ಹಿಡ್ಕೊಂಡು ಐಸ್ ಮೇಲೆ ಓಡೋದಾ?" ಇಲ್ಮೊ ನಕ್ಕ. "ಬಸ್ಸಲ್ಲಿ ಪಕ್ಕ ಯಾರಾದ್ರೂ ಕೂತ್ರೆ ಎದ್ದು ಹೋಗೋಳು ನೀನು."

"ವಾರಕ್ಕೆ ಎರಡು ಸಲ, ಎರಡೆರಡು ಗಂಟೆ. ಅಷ್ಟು ಹೊತ್ತು ನನ್ನನ್ನ ಯಾರೂ ಅಮ್ಮಾ ಅಂತ ಕರೆಯಲ್ಲ. ಅದು ಬೇಕು ನನಗೆ."

ಇಲ್ಮೊ ನಗುವುದನ್ನು ನಿಲ್ಲಿಸಿದ. "ಹೋಗು. ವನಮೋನ ನಾನು ನೋಡ್ಕೋತೀನಿ," ಎಂದ.

ಕೋಚ್ ಮಾರ್ಕೆತ್ತಾಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ, ದನಿ ದೊಡ್ಡದು. ಪಿಲ್ವಿಯ ಓಟವನ್ನು ಎರಡು ಸುತ್ತು ನೋಡಿ ಕೈಗೊಂದು ಹಾಳೆ ಕೊಟ್ಟಳು. ಅಭ್ಯಾಸ ತಪ್ಪಿಸುವಂತಿಲ್ಲ, ಕೆಮ್ಮಿದ್ದರೆ ಬಾ, ಜ್ವರವಿದ್ದರೆ ಮಾತ್ರ ಬೇಡ. ತುರುಬು ಕತ್ತಿನಿಂದ ನಾಲ್ಕು ಬೆರಳು ಮೇಲಿರಬೇಕು. ಎಲ್ಲರ ತುಟಿಗೂ ಒಂದೇ ಬಣ್ಣ. ಐಸಿನ ಮೇಲೆ ಮದುವೆಯ ಉಂಗುರ ಕೂಡದು. ಚಳಿಗಾಲ ಮುಗಿಯುವುದರೊಳಗೆ ತಂಡದ ಖರ್ಚಿಗಾಗಿ ಟಾಯ್ಲೆಟ್ ಪೇಪರಿನ ಮೂಟೆಗಳನ್ನು ಮನೆಮನೆಗೆ ಹೊತ್ತು ಮಾರಬೇಕು. ಪಿಲ್ವಿ ಸಹಿ ಹಾಕಿದಳು.

"ನೀನು ಹದಿನೇಳನೆಯವಳು," ಎಂದಳು ಮಾರ್ಕೆತ್ತಾ. "ಯಾರಿಗಾದ್ರೂ ಜ್ವರ ಬಂದ್ರೆ ಅವರ ಜಾಗಕ್ಕೆ ನೀನು. ಹಂಗಂತ ಎಲ್ಲರಿಗೂ ಜ್ವರ ಬರಲಿ ಅಂತ ಬೇಡ್ಕೋಬೇಡ."

ಆ ಹಾಳೆಯಲ್ಲಿ ಬರೆಯದ ನಿಯಮವೊಂದಿತ್ತು. ಉಳಿದವರಿಗೆಲ್ಲ ಅದು ಕಾಲಿನಲ್ಲೇ ಇತ್ತು. ಕುಣಿತದ ನಡುವೆ ಸಾಲು ಎರಡಾಗಿ ಒಡೆಯುತ್ತದೆ; ಎಂಟು ಜನ ಈ ಕಡೆಯಿಂದ, ಎಂಟು ಜನ ಆ ಕಡೆಯಿಂದ, ಗಿರಗಿರ ತಿರುಗುತ್ತ ಒಬ್ಬರ ನಡುವೆ ಒಬ್ಬರು ನುಗ್ಗಿ ದಾಟುತ್ತಾರೆ. ಇಬ್ಬರ ನಡುವೆ ಇರುವುದು ಒಂದು ಮೈ ಹಿಡಿಯುವಷ್ಟು ಸಂದು. ಎದುರಿಗೆ ಯಾರೇ ಬರಲಿ, ಪಕ್ಕಕ್ಕೆ ಸರಿಯಕೂಡದು. ತನ್ನ ಗೆರೆಯ ಮೇಲೆ ತಾನು ಹೋದರೆ ಎಲ್ಲರೂ ದಾಟುತ್ತಾರೆ. ಹೆದರಿ ಒಂದು ಗೇಣು ಸರಿದರೆ ಪಕ್ಕದವಳಿಗೆ ದಾರಿ ಇರುವುದಿಲ್ಲ.

ಒಂಟಿಯಾಗಿ ಕಲಿತವಳಿಗೆ ಕಲಿಸಿರುವುದು ಇದಕ್ಕೆ ತದ್ವಿರುದ್ಧ. ಹತ್ತಾರು ಹುಡುಗಿಯರು ತಮ್ಮ ತಮ್ಮ ಪಾಡಿಗೆ ಹಾರಿ ತಿರುಗುವ ಐಸಿನಲ್ಲಿ ಎದುರಿಗೆ ಯಾರಾದರೂ ಬಂದರೆ ಮೊದಲು ಸರಿಯಬೇಕು. ಎಂಟು ವರ್ಷ ಪಿಲ್ವಿ ಸರಿದೇ ಬೆಳೆದವಳು.

ಅಕ್ಟೋಬರಿನಲ್ಲಿ ಒಬ್ಬಳಿಗೆ ನಿಜಕ್ಕೂ ಜ್ವರ ಬಂತು. ಪಿಲ್ವಿ ಮೊದಲ ಬಾರಿ ಸಾಲಿಗೆ ಸೇರಿದಳು. ಸಾಲುಗಳು ಒಡೆದು ತಿರುಗಿ ಬಂದಾಗ ಅವಳ ಎದುರಿಗೆ ತೆರ್ಹಿ, ಎತ್ತರದ ಆಳು, ಬಾಣದ ಹಾಗೆ ಬರುತ್ತಿದ್ದಳು. ಪಿಲ್ವಿಯ ತಲೆ ಬೇಡವೆಂದಿತು. ಕಾಲು ಕೇಳಲಿಲ್ಲ. ಎಡಕ್ಕೆ ಸರಿದಳು. ತೆರ್ಹಿಯ ಪಕ್ಕದಲ್ಲಿ ಬರುತ್ತಿದ್ದ ಸಿರ್ಕು ನೇರ ಅವಳ ಮೇಲೆ ಬಿದ್ದಳು. ಒಣ ಕಡ್ಡಿ ಮುರಿದಂಥ ಸದ್ದು ಎಲ್ಲರಿಗೂ ಕೇಳಿಸಿತು. ಸಿರ್ಕುವಿನ ಮಣಿಕಟ್ಟು.

ಆಂಬುಲೆನ್ಸ್ ಹೋದ ಮೇಲೆ ಮಾರ್ಕೆತ್ತಾ ಉಳಿದವರನ್ನೆಲ್ಲ ಐಸಿನ ನಡುವೆ ಕರೆದಳು. ಸಾಲು ದಾಟುವ ಅಭ್ಯಾಸವನ್ನು ಅವಳು ಯಾವಾಗಲೂ ಯಂತ್ರ ಬಂದು ಐಸನ್ನು ನುಣುಪು ಮಾಡಿ ಹೋದ ತಕ್ಷಣ ಇಟ್ಟುಕೊಳ್ಳುತ್ತಿದ್ದಳು. ಹೊಸ ಐಸಿನಲ್ಲಿ ಪ್ರತಿಯೊಬ್ಬಳ ಅಲಗಿನ ಗೆರೆಯೂ ಸ್ಲೇಟಿನ ಮೇಲೆ ಬರೆದ ಹಾಗೆ ಮೂಡುತ್ತದೆ. ಅಲ್ಲಿ ಹದಿನೈದು ಗೆರೆಗಳು ನೇರವಾಗಿದ್ದವು. ಒಂದು ಎಡಕ್ಕೆ ಸೊಟ್ಟಗಾಗಿತ್ತು.

"ಯಾರದು?"

"ನಂದು," ಎಂದಳು ಪಿಲ್ವಿ.

ಮಾರ್ಕೆತ್ತಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. "ಸಿರ್ಕು ಬರೋ ತನಕ ಅವಳ ಜಾಗದಲ್ಲಿ ನೀನೇ ನಿಲ್ಲಬೇಕು, ಬೇರೆ ಯಾರೂ ಇಲ್ಲ," ಎಂದಳು. "ಜನವರಿಯ ಎಪಿಫನಿ ಹಬ್ಬ ಕಳೆಯೋ ತನಕ ಅವಳು ಐಸಿಗೆ ಬರೋ ಹಾಗಿಲ್ಲ. ತಾಂಪೆರೆ ಸ್ಪರ್ಧೆಗೆ ಯಾರು ಅಂತ ಆಗ ನೋಡೋಣ."

ಸಿರ್ಕುವಿನ ಜಾಗವೆಂದರೆ ತೆರ್ಹಿಯ ಪಕ್ಕ. ಅವರಿಬ್ಬರೂ ಇಪ್ಪತ್ತು ವರ್ಷದಿಂದ ಭುಜಕ್ಕೆ ಭುಜ ಕೊಟ್ಟು ಓಡಿದವರು, ಒಬ್ಬರ ಮದುವೆಯಲ್ಲಿ ಒಬ್ಬರು ಕುಡಿದು ಅತ್ತವರು.

ಅಂದಿನಿಂದ ಪಿಲ್ವಿಗೆ ಬೆಂಚಿನ ತುದಿಯೇ ಗತಿಯಾಯಿತು. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಟಾಯ್ಲೆಟ್ ಪೇಪರ್ ಮಾರಲು ಅವಳ ಪಾಲಿಗೆ ಬಂದದ್ದು ಊರಾಚೆಯ ಬೀದಿ. ಅಲ್ಲಿ ಮನೆಗಿಂತ ನಾಯಿ ಹೆಚ್ಚು. ವನಮೋಳನ್ನು ಜಾರುಬಂಡಿಯಲ್ಲಿ ಕೂರಿಸಿ, ಅವಳ ಸುತ್ತ ಮೂಟೆ ಜೋಡಿಸಿ, ಹಿಮದಲ್ಲಿ ಎಳೆದುಕೊಂಡು ಹೋಗಿ ಮಾರಿ ಬಂದಳು. ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ತೆರ್ಹಿಯ ಕೈ. ಸಾಲು ಕೂಡಿದಾಗ ಪಕ್ಕದವಳು ಭುಜವನ್ನು ಬಿಗಿಯಾಗಿ ಹಿಡಿದು ಎಳೆಯಬೇಕು. ಹದಿನಾರು ಜನ ಒಂದೇ ಮೈಯಾಗುವುದು ಹಾಗೆ. ತೆರ್ಹಿಯ ಬೆರಳುಗಳು ಪಿಲ್ವಿಯ ಭುಜದ ಮೇಲೆ ನೊಣ ಕೂತಷ್ಟೇ ಕೂರುತ್ತಿದ್ದವು. ತಿರುವಿನಲ್ಲಿ ಪಿಲ್ವಿ ಪ್ರತಿ ಸಲವೂ ತೂರಾಡುತ್ತಿದ್ದಳು.

"ಪಿಲ್ವೀ, ಗಟ್ಟಿಯಾಗಿ ನಿಲ್ಲು!" ಮಾರ್ಕೆತ್ತಾ ಕೂಗುತ್ತಿದ್ದಳು.

"ನಿಲ್ಲೋಕೆ ಕಾಲಿರಬೇಕಲ್ಲ," ಎನ್ನುತ್ತಿದ್ದಳು ತೆರ್ಹಿ, ಪಿಲ್ವಿಗೆ ಮಾತ್ರ ಕೇಳಿಸುವಂತೆ.

ಬನ್ನು ವಾಪಸು ತಂದ ದಿನ ಇಲ್ಮೊ ನಿಂತಲ್ಲೇ ಮೂರು ತಿಂದ. "ಬಿಟ್ಟುಬಿಡು ಅತ್ಲಾಗೆ," ಎಂದ. "ಇಷ್ಟು ಚೆನ್ನಾಗಿರೋ ಬನ್ ತಿನ್ನದೇ ಇರೋರು ಮನುಷ್ಯರೇನೇ?"

"ಈಗ ಬಿಟ್ರೆ ಸಿರ್ಕು ಕೈ ಮುರಿದು ಓಡಿಹೋದೋಳು ಅಂತಾಗುತ್ತೆ. ಈ ಊರಲ್ಲಿ ಎಪ್ಪತ್ತು ವರ್ಷ ಆದ್ರೂ ಹಂಗೇ ಅಂತಾರೆ." ಪಿಲ್ವಿ ಮಗಳ ಒದ್ದೆ ಕೈಗವಸುಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಸಿಕ್ಕಿಸುತ್ತ ಹೇಳಿದಳು. "ಆ ಜಾಗ ನನಗೆ ಬೇಕು, ಇಲ್ಮೊ. ನನ್ನದು ಅಂತ ಆಗಬೇಕು."

ಬೇಕೆಂದರೆ ಸಾಲದು, ಕಾಲಿಗೆ ಕಲಿಸಬೇಕಿತ್ತು. ಪಿಲ್ವಿಯ ಕೆಲಸ ಶಾಲೆಯ ಅಡುಗೆಮನೆಯಲ್ಲಿ. ಅಲ್ಲಿಂದ ಊಟದ ಹಾಲಿಗೆ ಉದ್ದನೆಯ ಪಡಸಾಲೆ. ತಟ್ಟೆಗಳ ಗಾಡಿ ತಳ್ಳಿಕೊಂಡು ಹೋದರೆ ಎದುರಿಗೆ ಮಕ್ಕಳ ದಂಡು ನುಗ್ಗಿ ಬರುತ್ತದೆ. ಅವಳು ಯಾವಾಗಲೂ ಗೋಡೆಗೆ ಆತುಕೊಂಡು ದಾರಿ ಬಿಡುತ್ತಿದ್ದಳು. ಡಿಸೆಂಬರಿನ ಒಂದು ಗುರುವಾರ, ಬಟಾಣಿ ಸಾರಿನ ದಿನ, ಗಾಡಿ ಬಿಟ್ಟು ಬರಿಗೈಯಲ್ಲಿ ಹೊರಟಳು. ನೆಲದ ಹಲಗೆಗಳ ನಡುವಿನ ಒಂದು ಸೀಳನ್ನು ಹಿಡಿದು, ಕಣ್ಣನ್ನು ದೂರದ ಗಡಿಯಾರದ ಮೇಲಿಟ್ಟು ನಡೆದಳು. ಮೊದಲ ದಿನ ನಾಲ್ಕು ಬಾರಿ ಸರಿದಳು. ಎರಡನೆಯ ವಾರ ಎರಡು ಬಾರಿ. ಒಬ್ಬ ದಪ್ಪ ಹುಡುಗ ಹೊಟ್ಟೆಗೆ ಗುದ್ದಿ, "ಕಣ್ಣು ಕಾಣಲ್ವಾ?" ಎಂದು ಅವಳನ್ನೇ ಗದರಿಸಿ ಹೋದ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಮಕ್ಕಳೇ ಅವಳ ಎರಡೂ ಬದಿಗೆ ನೀರಿನ ಹಾಗೆ ಹರಿದು ಹೋಗತೊಡಗಿದರು.

"ಏನೇ, ಮಹಾರಾಣಿ ಬಂದಂಗೆ ಬರ್ತೀಯ?" ಎಂದು ಜೊತೆಯ ಅಡುಗೆಯವಳು ಸೌಟು ಅಲ್ಲಾಡಿಸಿ ನಕ್ಕಳು.

ಮನೆಯಲ್ಲಿ ಮಾತ್ರ ಅವಳು ಈ ಪಾಠ ಮಾಡಲಿಲ್ಲ. ಎರಡೂವರೆಯ ವನಮೋ ತೋಳು ಚಾಚಿ ಓಡಿ ಬಂದರೆ ಯಾವ ಗೆರೆಯೂ ನೆನಪಿರುತ್ತಿರಲಿಲ್ಲ.

ಎಪಿಫನಿ ಕಳೆದ ಭಾನುವಾರ ಸಿರ್ಕು ಬಂದಳು. ಪ್ಲಾಸ್ಟರ್ ಹೋಗಿತ್ತು, ಕೈ ತೆಳ್ಳಗಾಗಿತ್ತು. ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು. ಪಿಲ್ವಿ ಬೆಂಚಿನ ತುದಿಯಲ್ಲಿ ಲೇಸು ಕಟ್ಟುತ್ತ, "ಕೈ ಹೇಗಿದೆ?" ಎಂದು ಕೇಳಿದಳು. "ಹವಾ ಬದಲಾದ್ರೆ ನೋವು ಹೇಳುತ್ತೆ," ಎಂದಳು ಸಿರ್ಕು, ನಗದೆ.

"ಹೊಸ ಐಸು," ಎಂದು ಮಾರ್ಕೆತ್ತಾ ಹೊರಗಿನಿಂದ ಕೂಗಿದಳು. "ಮೊದಲು ಪಿಲ್ವಿ ಸಾಲಲ್ಲಿ ದಾಟಲಿ. ಸಾಲು ಒಡೆದಾಗ ತೆರ್ಹಿ ಆ ಕಡೆ ಸೇರಿ ಅವಳ ಎದುರಿಂದ ಬರಲಿ, ಅವತ್ತಿನ ಹಾಗೇ. ಸರಿದರೆ ನಾಳೆಯಿಂದ ಸಿರ್ಕು. ಸಿರ್ಕು, ನೀನು ಕಟಕಟೆ ಹತ್ರ ನಿಂತ್ಕೊಂಡು ನೋಡು."

ಸಂಗೀತ ಶುರುವಾಯಿತು. ಸಾಲು ಕೂಡಿತು, ಭುಜದ ಮೇಲೆ ಮತ್ತೆ ಅದೇ ನೊಣದ ಕೈ. ಸಾಲು ಒಡೆಯಿತು. ಪಿಲ್ವಿ ತಿರುಗಿದಳು, ಮತ್ತೆ ತಿರುಗಿದಳು, ಎದುರಿಗೆ ತೆರ್ಹಿ. ಕಣ್ಣು ಆಚೆ ಗೋಡೆಯ ಗಡಿಯಾರದ ಮೇಲಿದ್ದರೂ ಪಿಲ್ವಿಗೆ ತಿಳಿಯಿತು: ತೆರ್ಹಿ ತನ್ನ ಗೆರೆಯ ಮೇಲಿಲ್ಲ. ಬೇಕೆಂದೇ ಪಿಲ್ವಿಯ ಗೆರೆಗೆ ಬರುತ್ತಿದ್ದಾಳೆ. ಹೆದರಿಸಿ ಸರಿಸಲು. ಸರಿದರೆ ಜಾಗ ಹೋಯಿತು, ಜೊತೆಗೆ ಪಕ್ಕದವಳ ಕೈಯೋ ಕಾಲೋ. ಪಿಲ್ವಿ ಸರಿಯಲಿಲ್ಲ.

ಭುಜಕ್ಕೆ ಭುಜ ಬಡಿಯಿತು. ಇಬ್ಬರೂ ಬಿದ್ದರು. ಉಳಿದ ಹದಿನಾಲ್ಕು ಜನ ಅವರ ಎರಡೂ ಬದಿಗೆ ದಾಟಿ ಹೋದರು, ಒಬ್ಬಳಿಗೂ ತಾಗಲಿಲ್ಲ. ಪಿಲ್ವಿಯ ತುಟಿ ಒಡೆದು ಬಾಯಲ್ಲಿ ರಕ್ತದ ರುಚಿ ಬಂತು.

"ನೋಡಿದ್ರಾ!" ತೆರ್ಹಿ ಕೂತಲ್ಲಿಂದಲೇ ಕಿರುಚಿದಳು. "ಮತ್ತೆ ಅದೇ! ನಾನು ಹೇಳ್ಲಿಲ್ವಾ ಇವಳಿಗೆ ಬರಲ್ಲ ಅಂತ?"

ಮಾರ್ಕೆತ್ತಾ ಸಂಗೀತ ನಿಲ್ಲಿಸಿದಳು. ಅವಳು ಐಸಿನ ಮೇಲೆ ಬರಲಿಲ್ಲ. "ಸಿರ್ಕು, ಹೋಗಿ ನೋಡು," ಎಂದಳು. "ಕೈ ನಿಂದು. ನೀನೇ ಹೇಳು."

ಸಿರ್ಕು ಬೂಟುಗಾಲಲ್ಲೇ ನಿಧಾನವಾಗಿ ನಡೆದು ಬಂದು ಬಗ್ಗಿ ನೋಡಿದಳು. ಒಂದು ಗೆರೆ ನೇರ ಬಂದು ನಿಂತಿತ್ತು. ಇನ್ನೊಂದು ಎರಡು ಮಾರು ದೂರದಿಂದಲೇ ವಾಲುತ್ತ ಬಂದಿತ್ತು. ಅವಳು ತುಂಬ ಹೊತ್ತು ನೋಡಿದಳು. ಸುಳ್ಳು ಹೇಳಿದ್ದರೆ ಜಾಗ ಅವಳದಾಗುತ್ತಿತ್ತು.

"ಸೊಟ್ಟಗಿರೋದು ತೆರ್ಹಿದು," ಎಂದಳು.

"ನಿನಗೋಸ್ಕರ ಕಣೇ!" ತೆರ್ಹಿಯ ದನಿ ಒಡೆಯಿತು.

"ನಾನು ಕೇಳಿದ್ನಾ? ಇನ್ನೊಬ್ಬಳ ಕೈ ಮುರಿದು ನನಗೆ ಜಾಗ ಕೊಡು ಅಂತ ಕೇಳಿದ್ನಾ?" ಸಿರ್ಕು ಬೆನ್ನು ತಿರುಗಿಸಿ ಕಟಕಟೆಗೆ ಹೋದಳು. ಪಿಲ್ವಿಯ ಕಡೆ ನೋಡಲಿಲ್ಲ.

"ಪಿಲ್ವಿ ಹದಿನಾರು ಜನರಲ್ಲಿ ಇರ್ತಾಳೆ," ಎಂದಳು ಮಾರ್ಕೆತ್ತಾ, ಅಂಗಡಿಯ ಪಟ್ಟಿ ಓದುವ ದನಿಯಲ್ಲಿ. "ತೆರ್ಹಿ ಅವಳ ಪಕ್ಕದಲ್ಲೇ. ಅವಳ ಭುಜ ನೀನು ಹೇಗೆ ಹಿಡೀತಿದ್ದೀಯ ಅಂತ ನನಗೆ ಕಾಣಲ್ಲ ಅಂದ್ಕೊಂಡಿದ್ದೀಯಾ? ಇನ್ನೊಂದು ಸಲ ಬೆರಳು ಸಡಿಲ ಆದ್ರೆ ಸಿರ್ಕು ಬರ್ತಾಳೆ, ನಿನ್ನ ಜಾಗಕ್ಕೆ. ಏಳಿ. ಮೊದಲಿಂದ."

ಯಾರೂ ಕೈ ಕೊಟ್ಟು ಎಬ್ಬಿಸಲಿಲ್ಲ. ಪಿಲ್ವಿ ತಾನೇ ಎದ್ದು ಕೈಗವಸಿನಿಂದ ತುಟಿ ಒರೆಸಿಕೊಂಡು ಸಾಲಿಗೆ ಸೇರಿದಳು. ತೆರ್ಹಿಯ ಕೈ ಭುಜದ ಮೇಲೆ ಬಿತ್ತು. ಈ ಸಲ ಐದೂ ಬೆರಳು ಇಕ್ಕಳದ ಹಾಗೆ ಕಚ್ಚಿದವು.

"ನಿನ್ನನ್ನ ಕಂಡ್ರೆ ನನಗೆ ಆಗಲ್ಲ," ಎಂದಳು ತೆರ್ಹಿ, ಹಲ್ಲು ಕಚ್ಚಿಕೊಂಡೇ.

"ಗೊತ್ತು. ಕೈ ಬಿಡಬೇಡ."

ತಿರುವು ಬಂತು. ಪಿಲ್ವಿ ತೂರಾಡಲಿಲ್ಲ.

ಮಧ್ಯಾಹ್ನ ಇಲ್ಮೊ ಹಬೆಸ್ನಾನಕ್ಕೆ ಸೌನಾದ ಒಲೆ ಹೊತ್ತಿಸಿದ್ದ. ಮೇಲಿನ ಹಲಗೆಯಲ್ಲಿ ಪಿಲ್ವಿ, ಸೆಕೆ ಕಡಿಮೆಯಿರುವ ಕೆಳಗಿನದರಲ್ಲಿ ವನಮೋ. ಮಗು ಎದ್ದು ನಿಂತು ಅಮ್ಮನ ಭುಜದ ಮೇಲಿನ ನೀಲಿ ಗುರುತುಗಳನ್ನು ಒಂದೊಂದಾಗಿ ಮುಟ್ಟಿತು. "ಒಂದು, ಎರಡು, ನಾಲ್ಕು," ಎಂದಿತು.

"ಮೂರು ಎಲ್ಲಿ ಹೋಯ್ತು?"

"ಅಮ್ಮಾ, ನೋವಾ? ಯಾರು ಮಾಡಿದ್ದು?"

"ತೆರ್ಹಿ ಅಂತ."

"ತೆರ್ಹಿ ಕೆಟ್ಟೋಳು."

ಪಿಲ್ವಿ ಬಿಸಿ ಕಲ್ಲುಗಳ ಮೇಲೆ ಒಂದು ಸೌಟು ನೀರು ಹಾಕಿದಳು. ಹಬೆ ಬುಸ್ಸೆಂದು ಎದ್ದು ಒಡೆದ ತುಟಿ ಚುರುಗುಟ್ಟಿತು.

"ಕೆಟ್ಟೋಳೇ ಇರಬೇಕು," ಎಂದಳು. "ಆದ್ರೆ ಇವತ್ತು ಗಟ್ಟಿಯಾಗಿ ಹಿಡ್ಕೊಂಡಿದ್ಳು."