ಬಿಸಿನೀರಿನ ಕಾವಲು
ಒಮ್ಮೆ ಕಾದರೆ ನಮ್ಮ ಗೀಜರ್ ಕೊಡುವುದು ನಾಲ್ಕೇ ಬಕೆಟ್, ಮನೆಯಲ್ಲಿ ನಾವು ಐದು ಜನ. ಹಾಗಾಗಿ ಭಾವ ಬೆಳಗ್ಗೆಯೇ ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲುತ್ತಾರೆ. ಚೊಂಬಿನ ಸದ್ದು ಕೇಳಿಯೇ ಖರ್ಚಾದ ನೀರನ್ನು ಅಳೆಯಬಲ್ಲರು. "ಒಳಗೆ ಮೀತಿರೋದು ನೀನೊಬ್ನೇನಾ, ಎಮ್ಮೆ ಹಿಂಡಾ?" ಎಂದು ನನ್ನ ಗಂಡನನ್ನು ಗದರುತ್ತಾರೆ. ನನ್ನ ಮಗಳು ತಲೆಗೆ ಎರೆದುಕೊಳ್ಳುವ ದಿನವಂತೂ, "ಸಾಕು ಬಾರೇ ಮಾರಾಯ್ತಿ, ಜಡೆಯೇನು ಓಡಿಹೋಗಲ್ಲ!" ಎಂದು ಬಾಗಿಲು ಬಡಿಯುತ್ತಾರೆ. ನನ್ನದೂ ಮುಗಿದ ಮೇಲೆ, "ಮನೆಗೆ ಹಿರಿಯ ನಾನು, ನಂಗೆ ಬಿಸಿಬಿಸಿ ನೀರೇ ಬೇಕು" ಎನ್ನುತ್ತಾ ನುಗ್ಗಿ, ಆಹಾ ಓಹೋ ಎಂದು ಬೀದಿಗೆಲ್ಲ ಕೇಳುವಂತೆ ಮೀಯುತ್ತಾರೆ. ಕೊನೆಯ ಸರದಿ ಅವರ ಹೆಂಡತಿ, ನನ್ನ ವಾರಗಿತ್ತಿ ಅಕ್ಕನದು. ಬಿಸಿನೀರು ಬೀಳದೆ ಅಕ್ಕನ ಮರಗಟ್ಟಿದ ಬೆರಳುಗಳು ಬಿಚ್ಚುವುದಿಲ್ಲ, ಆದರೆ ಗಂಡನಿಗಿಲ್ಲದ್ದನ್ನು ಮುಟ್ಟುವ ಜೀವವೂ ಅಲ್ಲ. ಇಷ್ಟಾದರೂ ಅಕ್ಕನಿಗೆ ದಿನವೂ ಒಂದು ಬಕೆಟ್ ಹೇಗೆ ಉಳಿಯುತ್ತದೆ ಎಂಬುದೇ ನನಗೆ ಸೋಜಿಗವಾಗಿತ್ತು. ಮೊನ್ನೆ ಅಕ್ಕನ ಬೆನ್ನು ತಿಕ್ಕಲು ಹೋದಾಗ, ಭಾವ ಆಗಷ್ಟೇ ಬಿಟ್ಟುಹೋದ ಬಕೆಟ್ಟಿನ ತಳದಲ್ಲಿದ್ದ ನೀರಿಗೆ ಕೈ ತಾಗಿತು. ಕೊರೆಯುವ ತಣ್ಣೀರು. "ನೋಡಮ್ಮ, ಅವರು ಅಷ್ಟು ಸುರ್ಕೊಂಡ್ರೂ ದೇವರು ನಂಗೊಂದು ಬಕೆಟ್ ಉಳಿಸ್ತಾನೆ" ಎಂದರು ಅಕ್ಕ. "ಉಳಿಸ್ತಾನೆ ಅಕ್ಕ" ಎಂದು, ಆ ತಣ್ಣೀರನ್ನು ಸದ್ದಿಲ್ಲದೆ ಚೆಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದೆ.