ಬೆಳ್ಳಿಬಣ್ಣ ಬಳಿದ ಬೋಲ್ಟು

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ಗುಮಾಸ್ತನಾಗಿದ್ದಾಗ ನನಗೊಂದು ಹುಚ್ಚು ಹತ್ತಿತ್ತು. ಗುಜರಿಗೆ ಹೋಗಬೇಕಿದ್ದ ಹಳೆಯ ಕಾರೊಂದನ್ನು ತಂದು, ರಜೆ ಸಿಕ್ಕಾಗಲೆಲ್ಲ ಅದರಡಿ ಬಿದ್ದಿರುತ್ತಿದ್ದೆ. ಬೇಸಿಗೆಯಲ್ಲಿ ಹಿರಿಯೂರು ಮುಟ್ಟುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಅದಕ್ಕೆಂದು ಯಾವುದೋ ವಿದೇಶಿ ಕಾರಿನಿಂದ ಬಿಚ್ಚಿದ ಕರೆಂಟಿನ ಫ್ಯಾನು ಹೊಂದಿಸಿದೆ. ವೈರಿಂಗ್ ಮಾಡಿಕೊಟ್ಟವನು ಹೊಳಲ್ಕೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳ ತಂತಿ ಸುತ್ತುತ್ತಿದ್ದ ನನ್ನ ಗೆಳೆಯ. ಒಂದೇ ಬೆಂಚಿನಲ್ಲಿ ಓದಿದವರು ನಾವು. ಅವನ ಅಂಗಡಿಗೆ ಹೋದರೆ ನೆಲದ ಮೇಲೆ ಅವನ ಪಕ್ಕದಲ್ಲೇ ಕೂರುತ್ತಿದ್ದೆ.

ಸ್ವಿಚ್ಚು ಸುಡದಿರಲೆಂದು ಹಾರನ್ ರಿಲೇ ಹಾಕಿದ, ಫ್ಯೂಸು ಕೂರಿಸಿದ. ಕೊನೆಗೆ ಬಾಡಿಯ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಅರ್ಥ್ ವೈರನ್ನು ಬೋಲ್ಟು ಹಾಕಿ ಬಿಗಿದ.

“ಲೇ, ಇದನ್ನ ಮಾತ್ರ ಮುಟ್ಬ್ಯಾಡ. ಇಲ್ಲಿ ಕಬ್ಬಿಣಕ್ಕೆ ತಾಗ್ತಿದ್ರೆ ಫ್ಯಾನು ತಿರುಗ್ತೈತೆ, ಇಲ್ಲಾಂದ್ರೆ ಇಲ್ಲ” ಅಂದ. ಹೂಂಗುಟ್ಟಿದೆ. ಇಡೀ ಬೇಸಿಗೆ ಕಾರು ಒಮ್ಮೆಯೂ ಕುದಿಯಲಿಲ್ಲ.

ಆಯುಧಪೂಜೆ ಬಂತು. ಊರಿನ ಲಾರಿ ಬಸ್ಸುಗಳೆಲ್ಲ ಹೊಸ ಬಣ್ಣ ಬಳಿಸಿಕೊಂಡು ಮೆರೆಯುವಾಗ ನನ್ನ ಕಾರು ಮಂಕಾಗಿರಬೇಕೆ? ಬಾನೆಟ್ ಎತ್ತಿ ಒಳಗೆಲ್ಲ ಬೆಳ್ಳಿಬಣ್ಣ ಹಚ್ಚಿದೆ. ಆ ಬೋಲ್ಟನ್ನೂ ಬಿಚ್ಚಿ, ಅದರಡಿಗೂ ವಾಷರಿಗೂ ಎರಡೆರಡು ಸಲ ಬಳಿದು, ಒಣಗಿದ ಮೇಲೆ ಅಂದವಾಗಿ ಬಿಗಿದೆ. ಕುಂಬಳಕಾಯಿ ಒಡೆದು, ಚಕ್ರಗಳಡಿ ನಿಂಬೆಹಣ್ಣಿಟ್ಟೆ. ಫ್ಯಾನು ತಿರುಗಿಸಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಮರುವಾರ ಮಾವನವರನ್ನು ಕೂರಿಸಿಕೊಂಡು ಹೊಸದುರ್ಗಕ್ಕೆ ಹೊರಟೆ. ಅರ್ಧ ದಾರಿಯಲ್ಲಿ ಹಬೆ ಎದ್ದಿತು. ಫ್ಯಾನು ಅಲುಗಾಡಿರಲಿಲ್ಲ. ನಿಂತು ನಿಂತು, ತಣ್ಣಗಾಗಿಸಿಕೊಂಡು ವಾಪಸಾದೆವು. “ಬಸ್ಸಿಗೆ ಹೋಗಾಣ ಅಂದೆ, ಕೇಳಿದ್ರಾ?” ಎಂದು ಮಾವ ದಾರಿಯುದ್ದಕ್ಕೂ ಚುಚ್ಚಿದರು.

ಹೇಳಿಕಳಿಸಿದ ಮರುದಿನವೇ ಗೆಳೆಯ ಅಂಗಡಿ ಮುಚ್ಚಿ ಬಂದ. ಅವನು ಹೊಸ್ತಿಲು ದಾಟುವ ಮೊದಲೇ, ಮಾವನೆದುರಿಗೇ ಕೂಗಾಡಿದೆ: “ಪಂಪ್‌ಸೆಟ್ ಸುತ್ತೋನ ಕೈಗೆ ಕಾರು ಕೊಟ್ಟೆ ನೋಡು, ನನಗೆ ಬುದ್ಧಿ ಇಲ್ಲ!”

ಅವನು ನೇರ ಹೋಗಿ ಬಾನೆಟ್ ಎತ್ತಿದ. ಬೋಲ್ಟು ಬಿಚ್ಚಿ, ಚಾಕುವಿನಿಂದ ಬೆಳ್ಳಿಬಣ್ಣ ಕೆರೆದು, ಮತ್ತೆ ಬಿಗಿದ. ಸ್ವಿಚ್ಚು ಹಾಕಿದ್ದೇ ತಡ, ಫ್ಯಾನು ಗುಯ್ಯೆಂದಿತು. ಆಗಲೇ ‘ತಪ್ಪಾಯಿತು’ ಅನ್ನಬಹುದಿತ್ತು. ಮಾವ ನೋಡುತ್ತಿದ್ದರು; ನನ್ನ ದರಿದ್ರ ನಾಲಿಗೆ ಹೊರಳಲಿಲ್ಲ. ಗೆಳೆಯ ಕಾಫಿಯನ್ನೂ ಮುಟ್ಟದೆ ಹೊರಟುಹೋದ.

ತಿಂಗಳಾದ ಮೇಲೆ ಕ್ಷಮೆ ಕೇಳಲೆಂದೇ ಹೊಳಲ್ಕೆರೆಗೆ ಹೋದೆ. ಅವನು ಎದ್ದು, ಗಿರಾಕಿಗಳಿಗೆಂದು ಇಟ್ಟಿದ್ದ ಕುರ್ಚಿಯ ಧೂಳು ಹೊಡೆದು ಮುಂದಿಟ್ಟ.

“ಕುಂತ್ಕಳ್ರಿ. ಏನಾಗ್ಬೇಕಿತ್ತು?”

ಕುಳಿತೆ. ಎರಡು ಫ್ಯೂಸು ಬೇಕಿತ್ತು ಅಂದೆ. ಕಾಗದದಲ್ಲಿ ಸುತ್ತಿ ಕೊಟ್ಟ.