ಕೋಲ್ಡ್ ಸ್ಟೋರೇಜಿನೊಳಗೆ ಸುಜಾತಾ

ಸಿ.ಎ. ಇಂಟರ್ ಪಾಸಾದ ಖುಷಿ ಸುಜಾತಾಗೆ ಬಹಳ ದಿನ ಉಳಿಯಲಿಲ್ಲ. ಮುಂದಿನ ಪರೀಕ್ಷೆಗೆ ಕೂರಬೇಕಾದರೆ ಮೊದಲು ಎರಡು ವರ್ಷ ಯಾರಾದರೊಬ್ಬ ಆಡಿಟರ್ ಕೈಕೆಳಗೆ ಕೆಲಸ ಕಲಿಯಬೇಕು. ಅದಕ್ಕೆ ಆರ್ಟಿಕಲ್‌ಶಿಪ್ ಅನ್ನುತ್ತಾರೆ. ಇಂದಿರಾನಗರದ ಗಾಜಿನ ಬಾಗಿಲಿನ ಆಫೀಸುಗಳಿಗೆಲ್ಲ ಅಲೆದಳು. ಎಲ್ಲರೂ ನಗುನಗುತ್ತಲೇ ಕೂರಿಸಿ, ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿಸಿ, ಫೋನ್ ಮಾಡುತ್ತೇವೆ ಎಂದು ಕಳಿಸಿದರು. ಯಾರ ಫೋನೂ ಬರಲಿಲ್ಲ.

ಅವಳ ಅಪ್ಪ ಸಾಯಬಣ್ಣ ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಕೆ.ಆರ್. ಪುರದಲ್ಲಿ ನೆಲೆ ನಿಂತವನು. ಅವ್ವ ಹುಸೇನಮ್ಮ ಸಿ.ವಿ. ರಾಮನ್ ನಗರದ ಹುಡುಗಿಯರ ಪಿ.ಜಿ. ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಬೆಳೆದು, ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದ ಹುಡುಗಿಗೆ ಲೆಕ್ಕ ನೀರು ಕುಡಿದಷ್ಟು ಸಲೀಸು. ಇಂಗ್ಲಿಷು ಮಾತ್ರ ಬಾಯಿಗೆ ಬಂದಾಗ ತಡವರಿಸುತ್ತಿತ್ತು.

ಕೊನೆಗೆ ಹಲಸೂರು ಕೆರೆಯ ಹಿಂದಿನ ರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಆಡಿಟರ್ ಸಿದ್ಧಲಿಂಗೇಶರ ಮುಂದೆ ಹೋಗಿ ಕೂತಳು. ಅವರು ಕನ್ನಡಕ ತೆಗೆದು ನೇರವಾಗಿಯೇ ಕೇಳಿದರು.

"ಇಂಗ್ಲಿಷ್ ಮುಗ್ಗರಿಸ್ತೀಯಲ್ಲಮ್ಮ. ಕ್ಲೈಂಟ್ ಹತ್ರ ಹೇಗೆ ಮಾತಾಡ್ತೀಯ?"

"ಆಡಿಟ್‌ನಲ್ಲಿ ನಾವು ಪ್ರಶ್ನೆ ಕೇಳೋದೇ ಜಾಸ್ತಿ ಅಲ್ವಾ ಸರ್? ಕೇಳೋಕೆ ಎಷ್ಟು ಬೇಕೋ ಅಷ್ಟು ಮೊದಲು ಕಲ್ತ್ಕೊಂಬಿಡ್ತೀನಿ. ಬಾಕಿದ್ದು ಆಮೇಲೆ."

ಸಿದ್ಧಲಿಂಗೇಶರಿಗೆ ನಗು ಬಂತು. "ಸೋಮವಾರ ಬಾ," ಎಂದರು.

ಮೊದಲ ತಿಂಗಳುಗಳೆಲ್ಲ ವೋಚರುಗಳಿಗೆ ಟಿಕ್ ಹಾಕುವುದರಲ್ಲೇ ಹೋದವು. ಬೆಳಿಗ್ಗೆ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದರೆ ಹಲಸೂರು ಬರುವವರೆಗೆ ಜನರ ಮೊಣಕೈಗಳ ನಡುವೆ ಪುಸ್ತಕ ಹಿಡಿದು ಓದುತ್ತಿದ್ದಳು. ಆಫೀಸಿನಲ್ಲಿ ಅವಳಿಗಿಂತ ಒಂದು ವರ್ಷ ಹಿರಿಯಳಾದ ಮಹೀನ್ ಜೊತೆಯಾದಳು. ಶಿವಾಜಿನಗರದ ಹುಡುಗಿ, ರಸೆಲ್ ಮಾರುಕಟ್ಟೆಯಲ್ಲಿ ತಂದೆಯದು ಹಣ್ಣಿನ ಅಂಗಡಿ. ಈಮೇಲ್ ಬರೆಯುವುದನ್ನು ಕಲಿಸಿದವಳು ಅವಳೇ. "ಮೊದಲು ಕನ್ನಡದಲ್ಲಿ ಯೋಚ್ನೆ ಮಾಡು, ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರಿ. ದೊಡ್ಡ ಇಂಗ್ಲಿಷ್ ಯಾರಿಗೂ ಬೇಡ ಕಣೇ," ಎನ್ನುತ್ತಿದ್ದಳು.

ಮಾರ್ಚ್ ಕೊನೆಗೆ ಇಬ್ಬರಿಗೂ ಸ್ಟಾಕ್ ಎಣಿಸುವ ಕೆಲಸ ಬಿತ್ತು. ಹೋಟೆಲುಗಳಿಗೆ ಮಂಜುಗಟ್ಟಿದ ಬಟಾಣಿ, ಪರೋಟ, ಮೀನು ಪೂರೈಸುವ ಕಂಪನಿ, ಕೆ.ಆರ್. ಪುರದಾಚೆ ಅದರ ಕೋಲ್ಡ್ ಸ್ಟೋರೇಜು. ಮಹೀನ್‌ಗೆ ಉಬ್ಬಸ, ಒಳಗಿನ ಚಳಿ ಆಗುವಂತಿರಲಿಲ್ಲ. ಅವಳು ಹೊರಗಿನ ಗೋದಾಮು ನೋಡುವುದೆಂದೂ, ಒಳಗೆ ಸುಜಾತಾ ಹೋಗುವುದೆಂದೂ ಮಾತಾಯಿತು.

ಸ್ಟೋರ್ ನೋಡಿಕೊಳ್ಳುತ್ತಿದ್ದ ಬೈಲಪ್ಪ ಬಾಗಿಲಿಗೆ ಅಡ್ಡ ನಿಂತ. "ಒಳಗೆ ಕೈಕಾಲು ಮರಗಟ್ಟೋಗುತ್ತಮ್ಮ. ಹೋದ ಸಲ ಬಂದಿದ್ದೋರು ಬಾಗಿಲಲ್ಲೇ ನಿಂತು ಬರ್ಕೊಂಡು ಹೋದ್ರು. ಲಿಸ್ಟ್ ಕೊಡ್ತೀನಿ, ನೀವೂ ಹಂಗೇ ಮಾಡಿ."

"ಬಾಗಿಲಲ್ಲಿ ನಿಂತ್ರೆ ಹಿಂದಿನ ಸಾಲು ಕಾಣುತ್ತಾ ಅಣ್ಣ?"

"ಕಾಣಲ್ಲ."

"ಹಂಗಾದ್ರೆ ಒಂದು ಜಾಕೆಟ್ ಕೊಡಿ."

ಮೊಣಕಾಲಿನವರೆಗೆ ಬರುವ ಜಾಕೆಟ್ ತೊಟ್ಟು ಒಳಗೆ ಕಾಲಿಟ್ಟಳು. ಮೂಗಿನೊಳಗಿನ ಗಾಳಿಯೇ ಗಡ್ಡೆ ಕಟ್ಟಿದಂತಾಯಿತು. ಪೆನ್ನು ಎರಡು ಸಾಲು ಬರೆದು ನಿಂತುಹೋಯಿತು. ಬೈಲಪ್ಪ ಪೆನ್ಸಿಲು ತಂದುಕೊಟ್ಟ. ಸ್ವಲ್ಪ ಹೊತ್ತು ಎಣಿಸುವುದು, ಹೊರಬಂದು ಬಿಸಿಲಿನಲ್ಲಿ ಕೈ ಉಜ್ಜಿಕೊಳ್ಳುವುದು, ಮತ್ತೆ ಒಳಗೆ. ಹಟ ಕಂಡು ಬೈಲಪ್ಪನೇ ಏಣಿ ಹಿಡಿದು ನಿಂತ.

ಪೆಟ್ಟಿಗೆಗಳ ಸಂಖ್ಯೆ ಕಂಪನಿ ಹೇಳಿದಷ್ಟೇ ಇತ್ತು. ಎಣಿಕೆ ಸರಿಯಾಯಿತೆಂದು ಹೊರಟುಬಿಡಬಹುದಿತ್ತು. ಆದರೆ ಹಿಂದಿನ ಸಾಲಿನ ಪರೋಟದ ಪೆಟ್ಟಿಗೆಯ ಮೇಲೆ ಕಟ್ಟಿದ್ದ ಹಿಮವನ್ನು ಅವಳು ಅಂಗೈಯಿಂದ ಒರೆಸಿದಳು. ತಾರೀಖು ಕಂಡಿತು. ಅವಧಿ ಮುಗಿದು ತಿಂಗಳುಗಳೇ ಆಗಿದ್ದವು. ಪಕ್ಕದ್ದು ಒರೆಸಿದಳು, ಅದೂ ಹಾಗೇ. ಆ ಗೋಡೆಯುದ್ದಕ್ಕೂ ಇದ್ದದ್ದೆಲ್ಲ ಮಾರಲು ಬಾರದ ಸರಕು. ಕಂಪನಿಯ ಲೆಕ್ಕದಲ್ಲಿ ಮಾತ್ರ ಅದಕ್ಕೆ ಹೊಸ ಮಾಲಿನ ಬೆಲೆ.

ಮ್ಯಾನೇಜರ್ ಓಡಿಬಂದ. "ನೀವು ಎಣಿಸೋಕೆ ಬಂದಿರೋದು. ಎಣಿಕೆ ಸರಿಯಾಯ್ತು ತಾನೇ? ಸೈನ್ ಮಾಡ್ರಿ, ಹೊರಡಿ."

ಸುಜಾತಾಳ ಹಲ್ಲು ಇನ್ನೂ ಕಟಕಟ ಎನ್ನುತ್ತಿತ್ತು. "ಎಣಿಕೆ ಸರಿ ಇದೆ ಅಂತ ಬರೀತೀನಿ ಸರ್. ತಾರೀಖು ಮುಗಿದಿದೆ ಅಂತಾನೂ ಬರೀತೀನಿ. ಎರಡೂ ನಿಜಾನೇ."

ಅವಳು ಆಫೀಸು ತಲುಪುವುದರೊಳಗೆ ದೂರು ತಲುಪಿತ್ತು. ಕೊಬ್ಬಿನ ಹುಡುಗಿ, ಮುಂದೆ ಇವಳನ್ನು ಕಳಿಸಬೇಡಿ ಎಂದು. ಹಳೆಯ ಕ್ಲೈಂಟು. ಸಿದ್ಧಲಿಂಗೇಶರ ಮುಖ ಬಿಗಿದಿತ್ತು. ಕೆಲಸ ಹೋದರೆ ಇನ್ನೊಂದು ಬಾಗಿಲು ಎಲ್ಲಿ ಹುಡುಕುವುದೆಂದು ತಿಳಿಯದಿದ್ದರೂ ಸುಜಾತಾ, ಸ್ಟೋರಿನೊಳಗೆ ಫೋನಿನಲ್ಲಿ ತೆಗೆದಿದ್ದ ತಾರೀಖುಗಳ ಫೋಟೊಗಳನ್ನು ಒಂದೊಂದಾಗಿ ತೋರಿಸಿದಳು. ಅವರು ಎಲ್ಲವನ್ನೂ ನೋಡಿ, ಅವಳೆದುರೇ ಕಂಪನಿಗೆ ಫೋನ್ ಮಾಡಿದರು.

"ಆ ಮಾಲಿನ ಬೆಲೆ ಲೆಕ್ಕದಿಂದ ತೆಗೀದೆ ನಾನು ರಿಪೋರ್ಟಿಗೆ ಸೈನ್ ಹಾಕೋದಿಲ್ಲ ರೀ. ಮುಂದಿನ ವರ್ಷವೂ ಅದೇ ಹುಡುಗಿ ಬರ್ತಾಳೆ. ಬೇಡ ಅಂದ್ರೆ ಬೇರೆ ಆಡಿಟರನ್ನ ನೋಡ್ಕೊಳ್ಳಿ."

ಕಂಪನಿ ಮೂರು ವಾರ ಮುನಿಸಿಕೊಂಡು ಕೂತು, ಆಮೇಲೆ ಬೆಲೆ ತೆಗೆಯಿತು. ಅಂದಿನಿಂದ ಸುಜಾತಾ ವೋಚರಿನ ಮೇಜಿನಿಂದ ಎದ್ದಳು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನ ಕಂಪನಿಗಳಿಗೂ ಹೋದಳು. ಇಂಗ್ಲಿಷಿನಲ್ಲಿ ಅವಳ ಪ್ರಶ್ನೆಗಳು ಗಿಡ್ಡವಾಗಿರುತ್ತಿದ್ದವು. ಉತ್ತರ ಸಿಗುವವರೆಗೆ ಅವಳು ಎದ್ದು ಹೋಗುತ್ತಿರಲಿಲ್ಲ.

ಆರ್ಟಿಕಲ್‌ಶಿಪ್ ಮುಗಿಸಿ ಫೈನಲ್ ಪರೀಕ್ಷೆ ಬರೆದಾಗ ಅದರ ಎರಡು ಗ್ರೂಪುಗಳಲ್ಲಿ ಒಂದು ಪಾಸಾಯಿತು, ಇನ್ನೊಂದು ಕೈಕೊಟ್ಟಿತು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಸಾಯಬಣ್ಣನಿಗೆ ಮಗಳ ಬಾಡಿದ ಮುಖ ನೋಡಲಾಗಲಿಲ್ಲ.

"ಸಾಕು ಬಿಡವ್ವ. ಇಷ್ಟು ಓದೀದಿ, ಯಾವುದಾರ ಕಂಪ್ನ್ಯಾಗ ನೌಕರಿ ಹಿಡಿ."

"ಗ್ವಾಡಿ ಅರ್ಧ ಎದ್ದ ಮ್ಯಾಲ ನೀ ಎಂದಾರ ಕರಣಿ ಚೆಲ್ಲಿ ಮನಿಗಿ ಬಂದೀಯೇನಪ್ಪ?"

ಸಾಯಬಣ್ಣ ಹೆಂಡತಿಯ ಮುಖ ನೋಡಿದ. "ನನ್ನ ಮಾರಿ ಏನ್ ನೋಡ್ತಿ? ಆಕಿ ಕೇಳಿದ್ದಕ್ಕ ಜವಾಬು ಹೇಳು," ಎಂದಳು ಹುಸೇನಮ್ಮ. ಮರುದಿನದಿಂದ ಸಾಯಬಣ್ಣ, ಮಗಳು ಓದುವ ಹೊತ್ತಿಗೆ ಕೋಣೆ ಅವಳಿಗೇ ಬಿಟ್ಟು, ಬೀದಿಯ ಚಹಾ ಅಂಗಡಿಯಲ್ಲಿ ಕೂರತೊಡಗಿದ.

ಮೂರನೆಯ ಸಲ ಫಲಿತಾಂಶ ಬಂದಾಗ, ಸಿದ್ಧಲಿಂಗೇಶರ ಬಳಿಯೇ ಸಂಬಳಕ್ಕೆ ಮುಂದುವರಿದಿದ್ದ ಸುಜಾತಾ ಬಾಣಸವಾಡಿಯ ಕ್ಲೈಂಟಿನ ಆಫೀಸಿನಲ್ಲಿದ್ದಳು. ಫೋನಿನಲ್ಲಿ ಪಾಸ್ ಎಂಬುದನ್ನು ಎರಡು ಸಲ ಓದಿ, ಮೆಟ್ಟಿಲಿಗೆ ಹೋಗಿ ಅವ್ವನಿಗೆ ಕರೆ ಮಾಡಿದಳು.

"ಆತೇನ?" ಎಂದಳು ಹುಸೇನಮ್ಮ, ಹಿಟ್ಟಿನ ಕೈಯಲ್ಲೇ.

"ಆತವ್ವ."

ಸುಜಾತಾ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಕೆಲಸಕ್ಕೆ ಕೂತಳು. ಆ ದಿನ ಪಿ.ಜಿ.ಯ ಹುಡುಗಿಯರಿಗೆಲ್ಲ ಊಟಕ್ಕೆ ಹುಸೇನಮ್ಮನ ಕೈಯ, ಬೆಲ್ಲ ಹಾಕಿದ ಗೋಧಿ ಹುಗ್ಗಿ.